ಮೂವತ್ತೊಂದು ಉಯಿಲುಗಳ ಸಾಕ್ಷಿ

ಗಂಗಾಧರಪ್ಪ ತೀರಿಕೊಂಡಾಗ ವಕೀಲರಿಗೆ ಆದಷ್ಟು ನಷ್ಟ ಬೇರೆ ಯಾರಿಗೂ ಆಗಲಿಲ್ಲ ಎಂದು ಮೂಡಿಗೆರೆಯಲ್ಲಿ ಒಂದು ತಮಾಷೆ ಓಡಾಡುತ್ತಿತ್ತು. ತಮಾಷೆ ಚೆನ್ನಾಗಿದೆ, ಆದರೆ ನಿಜವಲ್ಲ. ವಕೀಲರಿಗೆ ಬೇರೆ ಸಾಕ್ಷಿಗಳು ಸಿಕ್ಕರು. ನನಗೆ ಬೇರೆ ಗಂಗಾಧರಪ್ಪ ಸಿಕ್ಕಿಲ್ಲ.

ಅವನದು ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಕತ್ತಿ, ಗುದ್ದಲಿ, ಮೊಳೆ, ಹಗ್ಗ, ಮಳೆಗಾಲ ಬಂತೆಂದರೆ ತಾಡಪಾಲು. ನಾನು ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದ ವರ್ಷ, ಸೊಳ್ಳೆಪರದೆ ಕಟ್ಟಲು ನಾಲ್ಕು ಮೊಳೆ ಬೇಕೆಂದು ಅವನಲ್ಲಿಗೆ ಹೋದೆ. "ನಾಲ್ಕು ಮೊಳೆಗೆ ನಾನು ಏಳಬೇಕಾ ಮೇಷ್ಟ್ರೇ? ಆ ಡಬ್ಬದಿಂದ ತಗೊಂಡು ಹೋಗಿ" ಎಂದ. ತೆಗೆದುಕೊಂಡೆ, ಹೊಡೆದೆ, ನಾಲ್ಕೂ ಬಾಗಿದವು. ಮರುದಿನ ಹೋಗಿ ಹೇಳಿದರೆ, "ಆ ಡಬ್ಬ ಬಾಗೋ ಮೊಳೆದು. ಬಾಗದೇ ಇರೋದು ಬೇಕಿದ್ರೆ ಕೇಳಬೇಕಪ್ಪ" ಎಂದು ಕೂತಲ್ಲಿಂದಲೇ ನಕ್ಕ. ಹಾಗೆ ಶುರುವಾದ ಸ್ನೇಹ ಮೂವತ್ತಾರು ವರ್ಷ ನಡೆಯಿತು. ಅಂಗಡಿಯಲ್ಲಿ ಅವನು ದಿನಕ್ಕೆ ಹತ್ತಾದರೂ ಸುಳ್ಳು ಹೇಳುತ್ತಿದ್ದ. ಕತ್ತಿ ಮೊಂಡಾಗುವುದಿಲ್ಲ, ತಾಡಪಾಲು ಸೋರುವುದಿಲ್ಲ, ಹಗ್ಗ ಆನೆ ಎಳೆದರೂ ಹರಿಯುವುದಿಲ್ಲ. ಕೊಳ್ಳುವವರಿಗೂ ಅದು ಸುಳ್ಳೆಂದು ಗೊತ್ತಿತ್ತು. ಹೇಳದೇ ಇದ್ದಿದ್ದರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ವಿಚಾರಿಸುತ್ತಿದ್ದರು.

ಇಂಥವನನ್ನು ನಮ್ಮ ಕಾಫಿ ಸೀಮೆಯ ದೊಡ್ಡ ದೊಡ್ಡ ಗೌಡರೆಲ್ಲ ಹುಡುಕಿಕೊಂಡು ಬಂದು ತಮ್ಮ ಉಯಿಲಿಗೆ ಸಾಕ್ಷಿ ಹಾಕಿಸಿಕೊಳ್ಳುತ್ತಿದ್ದರು. ಕಾರಣವಿತ್ತು. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಬರೆದವರು ಸತ್ತ ಮೇಲೆ ತಕರಾರು ಬಂದರೆ ಇಬ್ಬರಲ್ಲಿ ಒಬ್ಬನಾದರೂ ಕೋರ್ಟಿನ ಕಟಕಟೆ ಹತ್ತಿ, ಇವರು ರುಜು ಹಾಕಿದ್ದನ್ನು ನಾನು ನೋಡಿದೆ, ನಾನು ಹಾಕಿದ್ದನ್ನು ಇವರು ನೋಡಿದರು ಎನ್ನಬೇಕು. ಸಂಬಂಧಿಕರನ್ನು ಹಾಕಿಸಿದರೆ ಅವರಿಗೂ ಪಾಲಿನ ಆಸೆ ಎನ್ನುತ್ತಾರೆ. ಕೆಲಸದವರನ್ನು ಹಾಕಿಸಿದರೆ ಹೆದರಿಸಿ ಹಾಕಿಸಿದರು ಎನ್ನುತ್ತಾರೆ. ಗಂಗಾಧರಪ್ಪ ಲಿಂಗಾಯತ, ಗೌಡರ ಮನೆಗಳಿಗೆ ಯಾವ ದಾರಿಯಿಂದಲೂ ನೆಂಟನಾಗಲಾರ. ಅಂಗಡಿ ಬಿಟ್ಟು ಎಲ್ಲಿಗೂ ಹೋಗುವವನಲ್ಲ, ಬೇಕೆಂದಾಗ ಸಿಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಜೆ ನಾಲ್ಕರ ಮೇಲೂ ಕುಡಿಯದೆ ಇರುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ.

ಅವನದೂ ಒಂದು ಷರತ್ತಿತ್ತು. ರುಜು ಹಾಕಿದ ಮನೆಯಲ್ಲಿ ಆ ದಿನ ಊಟ ಹಾಕಬೇಕು. ಮಾಂಸದ ಪಾತ್ರೆ ಸೋಕದ ಅಡುಗೆ. "ತಾರೀಕು ಯಾರಿಗೆ ನೆನಪಿರ್ತದೆ ಮಾರಾಯ? ಪತ್ರೊಡೆ ತಿಂದಿದ್ದು ನೆನಪಿರ್ತದೆ" ಎನ್ನುತ್ತಿದ್ದ. ಅವನ ತಲೆಯಲ್ಲಿ ಪ್ರತಿಯೊಂದು ಉಯಿಲಿಗೂ ಒಂದೊಂದು ಊಟ ಅಂಟಿಕೊಂಡಿತ್ತು. ದೇವರಮನೆ ಕಡೆಯ ಒಂದು ಉಯಿಲು ಅವನ ಮಟ್ಟಿಗೆ ಕಳಲೆ ಪಲ್ಯ. ಇನ್ನೊಂದು, ಸಾರಿಗೆ ಉಪ್ಪು ಮರೆತ ಮನೆ.

ಇದರಿಂದ ಒಂದು ಕೆಟ್ಟ ಹೆಸರೂ ಬಂತು. ಕಾಯಿಲೆಯವರಿದ್ದ ಮನೆಗೆ ಅವನು ಕಾಲಿಟ್ಟರೆ ಡಾಕ್ಟರು ಕೈಬಿಟ್ಟರೆಂದೇ ಅರ್ಥ ಎಂದು ಜನ ನಂಬಿದರು. ಮಗಳು ಭುವನಾಳ ಮದುವೆಗೆ ಕರೆಯಲು ವಸ್ತಾರೆಯ ಅಣ್ಣಮ್ಮನವರ ಮನೆಗೆ ಹೋದಾಗ ಆಕೆ ಜ್ವರ ಬಂದು ಮಲಗಿದ್ದರು. ಇವನನ್ನು ಅಂಗಳದಲ್ಲಿ ಕಂಡದ್ದೇ ತಡ, ಸೊಸೆಯಂದಿರು ಗೊಳೋ ಎಂದು ಅಳಲು ಶುರುಮಾಡಿದರು. ಅಣ್ಣಮ್ಮ ಸರ್ರನೆ ಎದ್ದು ಕೂತು, "ಯಾರನ್ನ ಕೇಳಿ ಇವ್ರನ್ನ ಕರೆಸಿದ್ರೀ?" ಎಂದು ಮನೆಮಂದಿಯನ್ನೆಲ್ಲ ಬೈದರು. ಮುಂದೆ ಒಂಬತ್ತು ವರ್ಷ ಬದುಕಿದರು. "ನನ್ನ ಔಷಧಿಗೆ ಫೀಸೂ ಕೊಡಲಿಲ್ಲ ಮುದುಕಿ" ಎಂದು ಇವನು ಹೇಳಿಕೊಂಡು ತಿರುಗುತ್ತಿದ್ದ.

ಒಟ್ಟು ಮೂವತ್ತೊಂದು ಉಯಿಲು. ಅದರಲ್ಲಿ ಕೋರ್ಟಿಗೆ ಬಂದದ್ದು ಆರೋ ಏಳೋ. ನಾನೀಗ ಹೇಳಹೊರಟಿದ್ದು ಅವನನ್ನು ನಾಲ್ಕು ವರ್ಷ ಅಲೆಸಿದ ಒಂದೇ ಒಂದರ ಕಥೆ.

ಬಾಳೂರಿನ ಮಂಜಯ್ಯನವರು ೧೯೯೫ರ ಮಳೆಗಾಲದಲ್ಲಿ ತೀರಿಕೊಂಡರು. ಹೆಂಡತಿ ಮೊದಲೇ ಹೋಗಿದ್ದರು. ಒಬ್ಬನೇ ಮಗ ಅರುಣ್. ಮನೆಯಲ್ಲಿ ಇನ್ನೊಬ್ಬರಿದ್ದರು, ಮಂಜಯ್ಯನವರ ತಂಗಿ ಪಾಪಮ್ಮ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಸತ್ತು ತವರಿಗೆ ಮರಳಿದವರು, ಮೂವತ್ತು ವರ್ಷ ಅಣ್ಣನ ಮನೆಯ ಅಡುಗೆ, ಕಣ, ಕೊಟ್ಟಿಗೆ ಎಲ್ಲ ನೋಡಿಕೊಂಡಿದ್ದರು. ಮಂಜಯ್ಯನವರು ಸಾಯುವ ನಾಲ್ಕು ವರ್ಷ ಮುಂಚೆ ತಮ್ಮ ಕೈಯಾರೆ ಒಂದು ಉಯಿಲು ಬರೆದಿದ್ದರು. ತೋಟವೆಲ್ಲ ಅರುಣನಿಗೆ. ಹಳ್ಳದ ಬದಿಯ ಎರಡು ಎಕರೆ ರೊಬಸ್ಟಾ ಕಾಫಿ ಮತ್ತು ಹಿಂದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಸವಾಗಿದ್ದ ಎರಡು ಕೋಣೆಯ ಮನೆ ತಂಗಿಗೆ. ಸಾಕ್ಷಿಗಳು ಇಬ್ಬರು: ಗಂಗಾಧರಪ್ಪ ಮತ್ತು ನಿವೃತ್ತ ಪೋಸ್ಟ್‌ಮ್ಯಾನ್ ಕೆಂಚಯ್ಯ. ಲಕೋಟೆಗೆ ಅಂಟು ಹಚ್ಚಿ ಪಾಪಮ್ಮನ ಕೈಗೆ ಕೊಟ್ಟು, "ನಾನು ಹೋದ್ಮೇಲೆ ಗಂಗಾಧರಪ್ಪೋರಿಗೆ ಕೊಡು" ಎಂದಿದ್ದರಂತೆ. ಆಕೆ ಅದನ್ನು ಅಕ್ಕಿಡಬ್ಬದ ತಳದಲ್ಲಿ ಇಟ್ಟು ಮರೆತಿದ್ದರು. ತಿಥಿಗೆ ಅಕ್ಕಿ ಅಳೆಯುವಾಗ ಸಿಕ್ಕಿತು, ಅರುಣನೇ ಒಡೆದು ಓದಿದ.

ಅರುಣ್ ಕೆಟ್ಟವನೇನಲ್ಲ. ಆದರೆ ಹಿಂದಿನ ವರ್ಷವಷ್ಟೇ ಕಾಫಿ ರೇಟು ಆಕಾಶಕ್ಕೆ ಏರಿತ್ತು. ಅದುವರೆಗೆ ಲೆಕ್ಕಕ್ಕಿಲ್ಲದ ಹಳ್ಳದ ಬದಿಯ ಜಾಗವೆಲ್ಲ ಇದ್ದಕ್ಕಿದ್ದಂತೆ ಪಿತ್ರಾರ್ಜಿತವಾಗಿಬಿಟ್ಟಿತು. ಆ ವರ್ಷ ನಮ್ಮ ಕಡೆ ಜನ ಮೊದಲು ಜೀಪು ಕೊಂಡರು, ಆಮೇಲೆ ವಕೀಲರನ್ನು ಹಿಡಿದರು. ಅಪ್ಪ ಬರೆದದ್ದಲ್ಲ ಎಂದು ಅರುಣ್ ತಕರಾರು ಹಾಕಿದ. "ಅತ್ತೆಗೆ ಮನೆ ಯಾಕೆ? ನಮ್ಮನೇಲೇ ಇರ್ಲಿ, ಯಾರು ಬೇಡ ಅಂದ್ರು?" ಎಂದು ಎಲ್ಲರೆದುರು ಹೇಳುತ್ತಿದ್ದ.

ಪಾಪಮ್ಮ ಲಕೋಟೆ ಹಿಡಿದು ಮೂಡಿಗೆರೆಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂತ ದಿನ ನಾನೂ ಅಲ್ಲಿದ್ದೆ. "ಇರ್ಲಿ ಅಂತಾನಲ್ಲ, ಅದಕ್ಕೇ ನಂಗೆ ಹೆದ್ರಿಕೆ" ಎಂದರು. "ಇರ್ಲಿ ಅನ್ನೋದೂ ಅವ್ನೇ, ನಾಳೆ ಹೋಗು ಅನ್ನೋದೂ ಅವ್ನೇ. ಒಂದು ಬಾಗಿಲು ನಂದು ಅಂತ ಇರ್ಬೇಕು ಗಂಗಾಧರಪ್ಪೋರೆ. ಒಳಗಿಂದ ಅಗಳಿ ಹಾಕ್ಕಳೋ ಅಂಥದ್ದು."

ಖಾತೆ ಬದಲಾಯಿಸಲು ಹೋದರೆ ತಾಲ್ಲೂಕು ಕಚೇರಿಯವರು, ತಕರಾರು ಇದೆ, ಕೋರ್ಟಿನಿಂದ ಪ್ರೊಬೇಟ್ ತನ್ನಿ ಎಂದರು. ಪಾಪಮ್ಮ ಅದು ಯಾವುದೋ ಗೊಬ್ಬರದ ಹೆಸರಿರಬೇಕು ಎಂದುಕೊಂಡರು. ಗಂಗಾಧರಪ್ಪ ಬಿಡಿಸಿ ಹೇಳಿದ: "ಸತ್ತವ್ರು ಬರ್ದಿದ್ದು ನಿಜ ಅಂತ ಬದುಕಿರೋರು ಕೊಡೋ ಸರ್ಟಿಫಿಕೇಟು. ಬದುಕಿದ್ದಾಗ ಅವ್ರನ್ನ ಯಾರೂ ಕೇಳಿರಲ್ಲ."

ಅಲ್ಲಿಂದ ಶುರುವಾಯಿತು. ಮರಣಪತ್ರ, ವಂಶವೃಕ್ಷ, ಪಹಣಿ, ಒಂದೊಂದಕ್ಕೂ ಮೂರು ಮೂರು ಸಲ ಅಲೆದಾಟ. ಎಲ್ಲ ಕೂಡಿಸಿ ಮೂಡಿಗೆರೆ ಕೋರ್ಟಿನಲ್ಲಿ ಅರ್ಜಿ ಹಾಕಿದೆವು. ಎಂಟು ತಿಂಗಳ ಮೇಲೆ, ಇದನ್ನು ವಿಚಾರಿಸುವ ಅಧಿಕಾರ ಈ ಕೋರ್ಟಿಗಿಲ್ಲ, ಚಿಕ್ಕಮಗಳೂರಿನ ಜಿಲ್ಲಾ ಕೋರ್ಟಿಗೆ ಹೋಗಿ ಎಂದು ಕಟ್ಟನ್ನು ಹಾಗೇ ವಾಪಸು ಕೊಟ್ಟರು. "ಎಂಟು ತಿಂಗಳು ಬಚ್ಚಲಿನ ಬಾಗಿಲು ಬಡಿದ್ಮೇಲೆ ಪಕ್ಕದ ಮನೇದು ಅಂತ ಗೊತ್ತಾದ ಹಾಗಾಯ್ತು" ಎಂದ ಗಂಗಾಧರಪ್ಪ.

ಚಿಕ್ಕಮಗಳೂರಿನಲ್ಲಿ ಚಂದ್ರಶೇಖರಪ್ಪ ಎಂಬ ವಕೀಲರನ್ನು ಹಿಡಿದೆವು. ಸದಾ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡಿರುವ ಮನುಷ್ಯ, ಅರ್ಧ ಮಾತು ಏಲಕ್ಕಿಯ ಜೊತೆಗೇ ನುಂಗಿಬಿಡುತ್ತಿದ್ದರು. ಹೊಸ ಅರ್ಜಿ, ಪತ್ರಿಕೆಯಲ್ಲಿ ಪ್ರಕಟಣೆ, ಅರುಣನ ಆಕ್ಷೇಪಣೆ, ಆಕ್ಷೇಪಣೆ ಬಂದದ್ದರಿಂದ ಅರ್ಜಿಗೆ ದಾವೆಯ ಹೊಸ ನಂಬರು. ಆಮೇಲೆ ವಾಯಿದೆ. ಒಮ್ಮೆ ಜಡ್ಜಿಗೆ ವರ್ಗ. ಇನ್ನೊಮ್ಮೆ ಹೊಸ ಜಡ್ಜಿಗೆ ರಜೆ. ಅರುಣನ ವಕೀಲರಿಗೆ ಕಾಮಾಲೆ. ವಕೀಲರೆಲ್ಲ ಸೇರಿ ಕೋರ್ಟು ಬಹಿಷ್ಕಾರ ಮಾಡಿದ ದಿನ ನಾವು ಮೂವರೂ ಹೋಗಿ, ಅವರ ಭಾಷಣ ಕೇಳಿ, ಚಪ್ಪಾಳೆ ತಟ್ಟಿ ಬಂದೆವು. ಒಂದು ಮಳೆಗಾಲವಿಡೀ ನಮ್ಮ ಫೈಲು ಯಾವುದೋ ಗಡಿ ಜಗಳದ ಕಟ್ಟಿನೊಳಗೆ ಸೇರಿಕೊಂಡು ಸುಖವಾಗಿತ್ತು. ಈ ನಡುವೆ ಇನ್ನೊಬ್ಬ ಸಾಕ್ಷಿ ಕೆಂಚಯ್ಯ ತೀರಿಕೊಂಡರು. ಉಳಿದವನು ಗಂಗಾಧರಪ್ಪ ಒಬ್ಬನೇ.

ವಾಯಿದೆಯ ದಿನ ಪಾಪಮ್ಮ ಬಾಳೂರಿನಿಂದ ಮೊದಲ ಜೀಪು ಹಿಡಿದು ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಮೂಡಿಗೆರೆಗೆ ಬರುತ್ತಿದ್ದರು. ಅರುಣನ ಮನೆಯಲ್ಲೇ ಬೆಳಗಿನ ರೊಟ್ಟಿ ತಟ್ಟಿಟ್ಟು, ಅರುಣನ ಮೇಲಿನ ಕೇಸಿಗೆ ಬರುತ್ತಿದ್ದರು. ಅರುಣ್ ಜೀಪಿನಲ್ಲಿ ಅದೇ ದಾರಿಯಲ್ಲಿ ಬರುತ್ತಿದ್ದ. ಒಂದೆರಡು ಸಲ "ಹತ್ತಿ ಅತ್ತೆ, ನಾನೂ ಅಲ್ಲಿಗೇ ಹೋಗೋದಲ್ವಾ" ಎಂದು ನಿಲ್ಲಿಸಿದ್ದೂ ಉಂಟು. ಆಕೆ ಹತ್ತಿದ್ದೂ ಉಂಟು. ಕೋರ್ಟಿನ ಗೇಟಿನ ಹತ್ತಿರ ಇಳಿದು ಬೇರೆ ಬೇರೆ ಮರದಡಿ ಕೂರುತ್ತಿದ್ದರು.

ಗಂಗಾಧರಪ್ಪ ಅಂಗಡಿಗೆ ಬೀಗ ಹಾಕಿ ಬರುತ್ತಿದ್ದ. ಹೆಂಡತಿ ಸರ್ವಮಂಗಳಾ ಬುತ್ತಿ ಕಟ್ಟಿಕೊಡುತ್ತ, "ಕೋರ್ಟೇ ನಿಮ್ಗೆ ಎರಡ್ನೇ ಸಂಸಾರ ಆಯ್ತು. ಆದ್ರೆ ಅಲ್ಲಿ ಅಡುಗೆ ಮಾಡಲ್ಲ, ನೆನಪಿರ್ಲಿ" ಎನ್ನುತ್ತಿದ್ದರು. ನಾನು ರಿಟೈರಾಗಿದ್ದೆ. ಮನೆಯಲ್ಲಿದ್ದರೆ ಪುಸ್ತಕ, ಹೋದರೆ ಗಂಗಾಧರಪ್ಪ. ಪುಸ್ತಕ ನಾಳೆಯೂ ಇರುತ್ತದೆ ಎಂದು ಇವನ ಜೊತೆ ಹೊರಡುತ್ತಿದ್ದೆ. ಆ ಒಂದು ತೀರ್ಮಾನಕ್ಕಾಗಿ ನಾನು ನನ್ನ ಬೆನ್ನು ತಟ್ಟಿಕೊಳ್ಳುತ್ತೇನೆ.

ಇಪ್ಪತ್ತನೆಯ ವಾಯಿದೆ, ೧೯೯೯ರ ಫೆಬ್ರವರಿ. ಅವತ್ತು ಸಾಕ್ಷಿ ವಿಚಾರಣೆ ಖಂಡಿತ ನಡೆಯುತ್ತದೆ ಎಂದಿದ್ದರು. ಪಾಪಮ್ಮ ಹಿಂದಿನ ದಿನವೇ ಚಿಕ್ಕಮಗಳೂರಿಗೆ ಹೋಗಿ ನೆಂಟರ ಮನೆಯಲ್ಲಿದ್ದರು. ಬಸ್ಸಿನಲ್ಲಿ ನಾವಿಬ್ಬರೇ. ವಸ್ತಾರೆ ಹತ್ತಿರ ಬಂದಾಗ ಗಂಗಾಧರಪ್ಪ ಕಿಟಕಿಯ ಕಡೆ ನೋಡುತ್ತಲೇ, "ಒಂದು ಸಣ್ಣ ಎಡವಟ್ಟಾಗಿದೆ ಮಾರಾಯ" ಎಂದ.

"ಏನು?"

"ಅವತ್ತು ಮೊದ್ಲು ರುಜು ಹಾಕಿದ್ದು ನಾವು. ಮಂಜಯ್ಯನೋರು ಆಮೇಲೆ ಹಾಕಿದ್ರು."

ನನಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಪೂರ್ತಿ ಅವನ ಕಡೆ ತಿರುಗಿ ಕೂತೆ. ಬರೆದವರು ರುಜು ಹಾಕಿದ ಮೇಲೆ ಸಾಕ್ಷಿ ಹಾಕಬೇಕು. ಖಾಲಿ ಜಾಗಕ್ಕೆ ಸಾಕ್ಷಿ ಹೇಳುವುದು ಎಲ್ಲಿಂದ? ಮೂವತ್ತೊಂದು ಉಯಿಲಿನ ಮನುಷ್ಯನಿಗೆ ಇದು ಗೊತ್ತಿಲ್ಲವೇ?

"ಗೊತ್ತಿತ್ತು. ನೀವು ಮೊದ್ಲು ಹಾಕಿ ಅಂತ ನಾನು ಹೇಳ್ದೆ. ಅವ್ರು, ನನ್ನ ಮನೇಲಿ ಬಂದೋರಿಗೆ ಮೊದ್ಲು ಅಂದ್ರು. ನಾನು ಇಲ್ಲ ನೀವು ಅಂದೆ. ಅವ್ರು ನೀವು ಅಂದ್ರು. ಕಾಲು ಗಂಟೆ ಹೀಗೇ. ಆಮೇಲೆ ಮುಖ ಒಂಥರಾ ಮಾಡ್ಕೊಂಡು, ಏನ್ರೀ, ಬಂದೋರಿಗಿಂತ ಮುಂಚೆ ನಾನು ಎಲೆಗೆ ಕೈ ಹಾಕಿದ್ದು ಎಲ್ಲಾದ್ರೂ ನೋಡಿದೀರಾ ಅಂದ್ರು. ಎಪ್ಪತ್ತು ವರ್ಷದ ಹಿರೇರು. ಏನು ಹೇಳ್ಲಿ? ಹಾಕ್ದೆ. ಕೆಂಚಯ್ಯನೂ ಹಾಕಿದ್ರು. ಐದು ನಿಮಿಷ ಹಿಂದೆ ಮುಂದೆ ಆದ್ರೆ ಯಾವ ಕಾನೂನು ಸಾಯ್ತದೆ ಅಂದ್ಕೊಂಡೆ."

"ಕೇಳಿದ್ರೆ ಅವ್ರೇ ಮೊದ್ಲು ಅಂತ ಹೇಳು. ಮುಗೀತು."

"ಆಗಲ್ಲ."

"ಯಾಕಾಗಲ್ಲ? ನಿನ್ನೆ ಆ ಮೇಸ್ತ್ರಿಗೆ ಸೋರೋ ತಾಡಪಾಲು ಮಾರ್ದೆ. ಎದೆ ಮೇಲೆ ಲಿಂಗ ಆಗ್ಲೂ ಇತ್ತು."

"ಅದು ವ್ಯಾಪಾರ, ಅದು ಶಿವನಿಗೂ ಗೊತ್ತು. ಇದು ಹಾಗಲ್ಲ ಮೇಷ್ಟ್ರೇ. ಗಂಗಾಧರಪ್ಪ ಕಟಕಟೇಲಿ ಸುಳ್ಳು ಹೇಳ್ದ ಅಂತ ಒಂದು ಸಲ ಆದ್ರೆ ಉಳಿದ ಮೂವತ್ತು ವಿಲ್ಲೂ ಹೋಯ್ತು. ಎಷ್ಟು ಮನೆ ಲೆಕ್ಕ ಹಾಕು. ಕೇಳಿದ್ರೆ ಹೇಳ್ತೀನಿ. ಕೇಳ್ದೇ ಇರ್ಲಿ ಅಂತ ಬೇಡ್ಕೋ."

ಕೋರ್ಟಿನ ಜಗಲಿಯಲ್ಲಿ ಇದನ್ನು ಚಂದ್ರಶೇಖರಪ್ಪನವರಿಗೆ ಹೇಳಿದೆವು. ಅವರ ಏಲಕ್ಕಿ ಸಿಪ್ಪೆ ಸಮೇತ ಒಳಗೆ ಹೋಯಿತು. ಕೆಮ್ಮಿ ಸುಧಾರಿಸಿಕೊಂಡು, "ಇದನ್ನ ನೀವು ನಂಗೆ ಹೇಳಿಲ್ಲ. ನಾನು ಕೇಳೂ ಇಲ್ಲ" ಎಂದು ಒಳಗೆ ನಡೆದರು. ಪಾಪಮ್ಮ ಅಲ್ಲೇ ನಿಂತಿದ್ದರು, ಎಲ್ಲ ಕೇಳಿಸಿತ್ತು.

"ಒಂದು ಸುಳ್ಳು ಹೇಳ್ಬಿಡಿ ಗಂಗಾಧರಪ್ಪೋರೆ" ಎಂದರು ಆಕೆ. "ಪಾಪ ಬಂದ್ರೆ ನಂಗೇ ಬರ್ಲಿ. ಹೆಸ್ರಿಗೆ ತಕ್ಕ ಹಾಗಿರ್ತದೆ."

ಗಂಗಾಧರಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅಷ್ಟರಲ್ಲಿ ಒಳಗಿಂದ ಜವಾನ ಅವನ ಹೆಸರನ್ನು, ದನ ಕಳೆದುಕೊಂಡವರು ಗುಡ್ಡದ ಮೇಲೆ ನಿಂತು ಕೂಗುವ ಹಾಗೆ, ಮೂರು ಸಲ ಕೂಗಿದ.

ಚಂದ್ರಶೇಖರಪ್ಪನವರು ಕೇಳಿದ್ದು ಮೂರೇ ಪ್ರಶ್ನೆ. ಮಂಜಯ್ಯನವರು ರುಜು ಹಾಕಿದ್ದನ್ನು ನೋಡಿದಿರಾ? ನೋಡಿದೆ. ನೀವು ಹಾಕಿದ್ದನ್ನು ಅವರು ನೋಡಿದರಾ? ನೋಡಿದರು. ಇದು ನಿಮ್ಮ ರುಜುವಾ? ನಂದೇ. ಬಿಸಿ ಕಲ್ಲಿನ ಮೇಲೆ ಕಾಲಿಟ್ಟವರ ಹಾಗೆ ಚಂದ್ರಶೇಖರಪ್ಪನವರು ಬೇಗ ಬಂದು ಕೂತರು.

ಅರುಣನ ವಕೀಲರು ಎದ್ದರು. ಚಿಕ್ಕ ವಯಸ್ಸು, ಚುರುಕು. ಮಂಜಯ್ಯನವರ ಬುದ್ಧಿ ಸರಿಯಿತ್ತೇ ಎಂದು ಶುರುಮಾಡಿದರು.

"ನಮ್ಮೆಲ್ಲರಿಗಿಂತ ಸರಿಯಿತ್ತು ಸ್ವಾಮಿ. ಕಡುಬು ಸ್ವಲ್ಪ ಗಟ್ಟಿ ಆಗಿದೆ ಅಂತ ಕಂಡುಹಿಡಿದ್ರು."

"ಯಾವ ಕಡುಬು?"

ಕೇಳಬಾರದಿತ್ತು. ಗಂಗಾಧರಪ್ಪ ಕಡುಬಿನ ಆಕಾರ, ಅದರ ಜೊತೆಗಿದ್ದ ಕಾಯಿಚಟ್ನಿ, ತನಗಾಗಿ ಬೇರೆ ಪಾತ್ರೆ ಬೆಳಗಿದ್ದು, ಬಡಿಸುವಾಗ ಕೆಂಚಯ್ಯನಿಗೆ ಎರಡು ಹೆಚ್ಚು ಬಿದ್ದದ್ದು ಎಲ್ಲ ವಿವರಿಸಿದ. ಟೈಪಿಸ್ಟ್ ಕೈ ನಿಲ್ಲಿಸಿ ಕೇಳುತ್ತಿದ್ದ. "ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ಹೇಳಿ" ಎಂದರು ಜಡ್ಜಿ.

"ಅಡುಗೆ ಮಾಡಿದ್ದು ಯಾರು?" ಎಂದರು ವಕೀಲರು.

"ಪಾಪಮ್ಮನೋರು."

"ಅಂದ್ರೆ ಆಸ್ತಿ ಪಡೆಯೋರು ಆ ಹೊತ್ತಿಗೆ ಮನೇಲೇ ಇದ್ರು."

"ಅವ್ರು ಎಲ್ಲಿ ಹೋಗ್ತಾರೆ ಸ್ವಾಮಿ? ಮೂವತ್ತು ವರ್ಷದಿಂದ ಆ ಅಡುಗೆಮನೇಲೇ ಇದ್ರು. ಹೊರಗೆ ಚಾವಡೀಲಿ ತನ್ನ ವಿಷ್ಯನೇ ಬರೀತಿದಾರೆ ಅಂತ ಅವ್ರಿಗೇನು ಗೊತ್ತು? ಗೊತ್ತಿದ್ರೆ ಕಡುಬು ಮೆತ್ತಗೆ ಮಾಡ್ತಿದ್ರು."

ಯಾರೋ ನಕ್ಕರು. ವಕೀಲರೂ ನಕ್ಕರು. ನಕ್ಕುಕೊಂಡೇ, ಏನೂ ಅಲ್ಲವೆಂಬಂತೆ ಕೇಳಿದರು: "ಸರಿ, ಮೊದಲು ರುಜು ಹಾಕಿದ್ದು ಯಾರು?"

ಗಂಗಾಧರಪ್ಪ ಕಟಕಟೆಯ ಮರ ಹಿಡಿದುಕೊಂಡ. ಪಾಪಮ್ಮನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ನಾವು ಸ್ವಾಮಿ. ನಾನು, ಕೆಂಚಯ್ಯ. ಮಂಜಯ್ಯನೋರು ಆಮೇಲೆ."

ಚಂದ್ರಶೇಖರಪ್ಪನವರು ಕಣ್ಣು ಮುಚ್ಚಿಕೊಂಡರು. ಟೈಪ್ ಯಂತ್ರದ ಸದ್ದು ಮಾತ್ರ. ಪಾಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಆ ಕ್ಷಣ ಗಂಗಾಧರಪ್ಪನನ್ನು ದ್ವೇಷಿಸಿದೆ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಬರೆಯದಿದ್ದರೆ ಅವನೇ ನಗುತ್ತಾನೆ.

ಎದುರು ವಕೀಲರು ಅಲ್ಲಿಗೆ ಕೂತಿದ್ದರೆ ಕೇಸು ಮುಗಿಯುತ್ತಿತ್ತು. ಆದರೆ ಅವರು ಶ್ರಮಪಟ್ಟು ಬಂದವರು. ಕೋರ್ಟಿನ ಕಪಾಟಿನಲ್ಲಿದ್ದ ಅಸಲು ಉಯಿಲನ್ನು ಅರ್ಜಿ ಹಾಕಿ ನೋಡಿಕೊಂಡು ಬಂದಿದ್ದರು. ನಮ್ಮ ಕಡೆ ಯಾರೂ ಆ ಕೆಲಸ ಮಾಡಿರಲಿಲ್ಲ. ನಾಲ್ಕು ವರ್ಷ ಕ್ಸೆರಾಕ್ಸ್ ಪ್ರತಿಯನ್ನೇ ನೋಡಿದ್ದೆವು, ಅದರಲ್ಲಿ ಎಲ್ಲ ಅಕ್ಷರವೂ ಕಪ್ಪು. ಅವರು ಅಸಲನ್ನು ಎತ್ತಿ ಹಿಡಿದರು.

"ಇಲ್ಲಿ ನಿಮ್ಮ ರುಜು ನೀಲಿ ಶಾಯಿ. ಅದರ ಕೆಳಗೆ ನಿಮ್ಮ ಪೂರ್ತಿ ಹೆಸರು, ತಂದೆ ಹೆಸರು, ಅಂಗಡಿ. ಇದು ಕಪ್ಪು. ಕೆಂಚಯ್ಯನದೂ ಹಾಗೇ. ಈ ಕಪ್ಪು ಸಾಲುಗಳನ್ನ ಆಮೇಲೆ ಸೇರಿಸಿದ್ದು, ಹೌದೋ ಅಲ್ವೋ?"

"ಹೌದು ಸ್ವಾಮಿ, ಆಮೇಲೆ."

"ಎಷ್ಟು ದಿನ ಆದ್ಮೇಲೆ?"

"ದಿನ ಎಲ್ಲಿ ಬಂತು? ಊಟ ಆದ್ಮೇಲೆ."

ವಕೀಲರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಜಡ್ಜಿ ಕನ್ನಡಕ ಸರಿಮಾಡಿಕೊಂಡು, "ತಡೀರಿ. ಊಟ ಆದಮೇಲೆ ಏನಾಯಿತು?" ಎಂದರು.

"ಕೈ ತೊಳ್ಕೊಂಡು ಬಂದು ಕೂತ್ವಿ ಸ್ವಾಮಿ. ಮಂಜಯ್ಯನೋರು ಕಾಗದ ತಗೊಂಡು ನೋಡಿ, ಏನ್ರೀ, ಬರೀ ಗಂಗಾಧರಪ್ಪ ಅಂತ ಹಾಕಿದೀರಿ, ಮೂಡಿಗೇರೇಲಿ ಆ ಹೆಸ್ರಲ್ಲಿ ಮೂರು ಜನ ಇದಾರೆ, ಒಬ್ಬ ಬೆಳಿಗ್ಗೆ ಎದ್ದು ಕುಡಿಯೋನು, ನಾಳೆ ಅವ್ನು ಕಟಕಟೆ ಹತ್ತಿದ್ರೆ ನನ್ನ ತಂಗಿ ಗತಿ ಏನು ಅಂದ್ರು. ಪೂರ್ತಿ ಹೆಸ್ರು ಬರ್ದು ಸರಿಯಾಗಿ ರುಜು ಹಾಕಿ ಅಂತ ಅವ್ರದೇ ಪೆನ್ನು ಕೊಟ್ರು. ಹಾಕ್ದೆ."

"ಆಗ ಅವರ ರುಜು ಕಾಗದದ ಮೇಲಿತ್ತಾ?"

"ಇತ್ತಲ್ಲ ಸ್ವಾಮಿ. ಊಟಕ್ಕೆ ಮುಂಚೇನೇ ಹಾಕಿದ್ರು. ಅದನ್ನೇ ಬೆರಳಲ್ಲಿ ತೋರ್ಸಿ, ನಾನು ಹೇಗೆ ನೀಟಾಗಿ ಹಾಕಿದೀನಿ ನೋಡಿ ಅಂದ್ರು."

"ಕೆಂಚಯ್ಯ?"

"ಅವ್ರೂ ಹಾಕಿದ್ರು. ಅವ್ರು ಯಾವಾಗ್ಲೂ ಹಾಗೇ, ನಾನು ಏನು ಮಾಡಿದ್ರೂ ಮಾಡೋರು. ನಾನು ಮಜ್ಜಿಗೆ ಕೇಳಿದ್ರೆ ಮಜ್ಜಿಗೆ."

ಜಡ್ಜಿ ಬಗ್ಗಿ ತಾವೇ ಬರೆದುಕೊಂಡರು. ನೀಲಿ ರುಜು ಮಂಜಯ್ಯನವರದಕ್ಕಿಂತ ಮುಂಚಿನದು, ಆದರೆ ಕಪ್ಪಿನದು ಆಮೇಲಿನದು; ಸಾಕ್ಷಿಗೆ ಅಷ್ಟು ಸಾಕಿತ್ತು. ಎದುರು ವಕೀಲರು ಕೂತರು. ಅರುಣ್ ಅವರ ಕಿವಿಯಲ್ಲಿ ಏನೋ ಕೇಳಿದ. ಅವರು ಫೈಲು ಮುಚ್ಚಿದರು.

ಹೊರಗೆ ಬಂದ ಮೇಲೆ ಚಂದ್ರಶೇಖರಪ್ಪನವರು, "ಇದನ್ನ ಮೊದಲೇ ಹೇಳೋಕೆ ಏನಾಗಿತ್ರೀ ನಿಮ್ಗೆ?" ಎಂದು ಕೂಗಾಡಿದರು.

"ನೀವೇ ಕೇಳಿಲ್ಲ ಅಂದ್ರಲ್ಲ" ಎಂದ ಗಂಗಾಧರಪ್ಪ.

ಹೋಟೆಲಿನಲ್ಲಿ ಕೂತು ದೋಸೆ ಹೇಳಿದ ಮೇಲೆ ನಾನು ಕೇಳಿದೆ, ಕಪ್ಪು ಸಾಲು ಕಾಪಾಡುತ್ತದೆ ಎಂದು ನಿನಗೆ ಗೊತ್ತಿತ್ತಾ ಎಂದು. "ಯಾವ ಕಪ್ಪು ಸಾಲು ಮಾರಾಯ? ಅದು ವಿಳಾಸ ಅಂದ್ಕೊಂಡಿದ್ದೆ. ನಂಗೆ ಕಡುಬು ತಿಂದಿದ್ದೊಂದೇ ನೆನಪಿದ್ದಿದ್ದು" ಎಂದ. ನಿಜವೇ ಹೇಳಿದ. ಚಟ್ನಿ ಹಾಕಿಕೊಳ್ಳಲು ಹೋಗಿ ಮೇಜಿನ ಮೇಲೆ ಚೆಲ್ಲಿದ. ಪಾಪಮ್ಮ ತಮ್ಮ ದೋಸೆಯಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಹಾಕಿದರು.

ವಾದ ಮುಗಿಯಲು ಮತ್ತೆ ಮೂರು ವಾಯಿದೆ. ತೀರ್ಪಿಗೆ ಆಗಸ್ಟ್ ತಿಂಗಳ ತಾರೀಕು ಕೊಟ್ಟರು. ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಗಂಗಾಧರಪ್ಪ ಅಂಗಡಿಯಲ್ಲಿ ಯಾರಿಗೋ ಹಗ್ಗ ಅಳೆಯುತ್ತಿದ್ದವನು, "ಸ್ವಲ್ಪ ಹಿಡ್ಕೊಳ್ಳಿ" ಎಂದು ಹಗ್ಗದ ತುದಿ ಅವರ ಕೈಗೆ ಕೊಟ್ಟು ಕೂತನಂತೆ. ಮತ್ತೆ ಏಳಲಿಲ್ಲ. ಅರವತ್ತೈದು ವರ್ಷ.

ಲಿಂಗಾಯತರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದರು. ನಾಲ್ಕು ವರ್ಷ ಕೋರ್ಟಿನ ಜಗಲಿಯಲ್ಲಿ ನಾನು ನೋಡಿದ್ದೂ ಅದೇ ಭಂಗಿ: ಕಣ್ಣು ಮುಚ್ಚಿ, ಬೆನ್ನು ಗೋಡೆಗೆ ಕೊಟ್ಟು, ಹೆಸರು ಕೂಗುವುದನ್ನೇ ಕಾಯುತ್ತ. ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗು ತಡೆಯಲಾಗದೆ ಬಾಯಿಗೆ ಟವೆಲ್ಲು ಒತ್ತಿಕೊಂಡೆ. ಸರ್ವಮಂಗಳಾ ನೋಡಿದರು. "ನಕ್ಕುಬಿಡಿ ಮೇಷ್ಟ್ರೇ, ಅವ್ರೇನು ಬೇಜಾರು ಮಾಡ್ಕೊಳಲ್ಲ" ಎಂದರು. ಆಗ ಅಳು ಬಂತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆಗಸ್ಟಿನಲ್ಲಿ ಪಾಪಮ್ಮ ಮತ್ತು ನಾನು ಇಬ್ಬರೇ ಹೋದೆವು. ತೀರ್ಪು ಓದಲು ಜಡ್ಜಿಗೆ ಅರ್ಧ ನಿಮಿಷ ಹಿಡಿಯಿತು: ಉಯಿಲು ರುಜುವಾತಾಗಿದೆ, ಅರ್ಜಿ ಮಂಜೂರು. ಕೂಡಲೇ ಜವಾನ ಮುಂದಿನ ಕೇಸಿನವರನ್ನು ಕೂಗಿದ. ಪಾಪಮ್ಮ ಇನ್ನೂ ಕೈಮುಗಿದುಕೊಂಡೇ ನಿಂತಿದ್ದರು. "ಆಯ್ತು ಬನ್ನಿ" ಎಂದು ಹೊರಗೆ ಕರೆತಂದೆ. ನಕಲು ಸಿಕ್ಕ ದಿನ ಚಂದ್ರಶೇಖರಪ್ಪನವರು ಇಂಗ್ಲಿಷಿನ ಒಂದು ಸಾಲನ್ನು ನಮಗೆ ಕನ್ನಡದಲ್ಲಿ ಹೇಳಿದರು. ಸಾಕ್ಷಿ ಗಂಗಾಧರಪ್ಪನವರು ತಮ್ಮ ಪಕ್ಷಕ್ಕೆ ಹಾನಿಯಾಗುವ ಸಂಗತಿಯನ್ನೂ ಮುಚ್ಚಿಡಲಿಲ್ಲ, ಆದ್ದರಿಂದ ಅವರ ಉಳಿದ ಮಾತನ್ನೂ ನಂಬಬಹುದು ಎಂದಿತ್ತು. "ಅಂದ್ರೆ ಎಡವಟ್ಟು ಒಪ್ಕೊಂಡಿದ್ದಕ್ಕೇ ಗೆದ್ವಾ?" ಎಂದರು ಪಾಪಮ್ಮ. ಹೌದು ಎಂದೆ. ಆಕೆ ನಕಲಿನ ಕಾಗದ ಮಡಿಚುತ್ತ, "ಸುಳ್ಳು ಹೇಳಿ ಅಂತ ನಾನು ಹೇಳಿದ್ದೆ" ಎಂದರು.

"ನಾನೂ ಹೇಳಿದ್ದೆ" ಎಂದೆ.

ಅರುಣ್ ಮೇಲಿನ ಕೋರ್ಟಿಗೆ ಹೋಗಲಿಲ್ಲ. ಅಷ್ಟು ಹೊತ್ತಿಗೆ ಕಾಫಿ ರೇಟೂ ಇಳಿದಿತ್ತು, ಅವನ ಜೋರೂ ಇಳಿದಿತ್ತು. ಖಾತೆಯಾಗಿ, ನವೆಂಬರಿನಲ್ಲಿ ಒಂದು ಗುರುವಾರ ಪಾಪಮ್ಮ ರೈಟರ್ ಮನೆಗೆ ಹೋಗುವುದೆಂದಾಯಿತು. ನನ್ನನ್ನೂ ಕರೆದರು. ಹೋದರೆ ಎರಡು ಕೋಣೆಯಲ್ಲಿ ಒಂದರ ತುಂಬ ಹಳೆ ವರ್ಷದ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳು. ಮನೆ ಖಾಲಿ ಬಿದ್ದಿದೆಯಲ್ಲ ಎಂದು ಅರುಣ್ ಪೇರಿಸಿಟ್ಟಿದ್ದ.

ಪಾಪಮ್ಮ ಬಾಗಿಲಲ್ಲೇ ನಿಂತರು. ಕಣದಿಂದ ಅರುಣ್ ಬಂದ.

"ಅತ್ತೆ, ಚೀಲ ಇನ್ನೊಂದೆರಡು ವಾರ ಇಲ್ಲೇ ಇರ್ತವೆ. ಗೋಡೌನಿನ ಹಂಚು ಬದಲಾಯಿಸ್ತಿದೀವಿ."

"ಇರ್ತವೆ ಅಂತ ಹೇಳೋದಲ್ಲ ಅರುಣ. ಕೇಳೋದು."

ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ನನ್ನ ಮುಖ ನೋಡಿದ. ನಾನು ಹಳ್ಳದ ಕಡೆ ನೋಡಿದೆ.

"ಸರಿ. ಎರಡು ವಾರ ಚೀಲ ಇಲ್ಲಿಡ್ಬಹುದಾ ಅತ್ತೆ?"

ಪಾಪಮ್ಮ ಒಳಗೆ ಹೋಗಿ ಎರಡೂ ಕೋಣೆ ನೋಡಿ, ಹಿಂಬಾಗಿಲು ತೆರೆದು, ಮುಚ್ಚಿ, ಅಗಳಿ ಹಾಕಿ, ಮತ್ತೆ ತೆಗೆದು, ಸಾವಕಾಶವಾಗಿ ಬಂದರು.

"ಒಂದು ವಾರ ಇರ್ಲಿ" ಎಂದರು. "ಆಮೇಲೆ ನಂಗೆ ಜಾಗ ಬೇಕು."